ಜಾರುವ ಸಾರು

ಸಿಯೋಲ್‌ನ ಕೋಚಿಂಗ್ ಗಲ್ಲಿಯಲ್ಲಿ ಬೋಕ್‌ಸಿಲ್ ಮೂವತ್ತು ವರ್ಷದಿಂದ ಊಟದಂಗಡಿ ನಡೆಸುತ್ತಿದ್ದಾಳೆ. ಅಲ್ಲಿ ಪಾಸಾದವರು ತಮ್ಮ ತಲೆಯನ್ನೇ ಹೊಗಳಿಕೊಳ್ಳುತ್ತಾರೆ. ಫೇಲಾದವರಿಗೆ ನೆಗಡಿಯೋ, ನಿಂತ ಗಡಿಯಾರವೋ, ಪಕ್ಕದ ಬೆಂಚಿನವನ ಕೆಮ್ಮೋ ಏನಾದರೊಂದು ನೆಪ ಸಿಕ್ಕೇ ಸಿಗುತ್ತದೆ. ಪರೀಕ್ಷೆಯ ವಾರ ಅವಳು ಕಡಲಪಾಚಿ ಸಾರು ಮಾಡುವುದಿಲ್ಲ. ಆ ಲೋಳೆ ಸಾರು ಕುಡಿದವರು ಪರೀಕ್ಷೆಯಲ್ಲೂ ಜಾರುತ್ತಾರೆಂದು ಎಲ್ಲರಿಗೂ ಭಯ.

ಫಲಿತಾಂಶದ ದಿನ ಸೆಉನ್ ಎಂಬ ಹುಡುಗಿ ಸಪ್ಪೆ ಮುಖ ಹಾಕಿಕೊಂಡು ಬಂದು ಕೂತಳು.

"ಏನೇ, ಈ ಸಲ ಯಾರ ತಪ್ಪು?" ಬೋಕ್‌ಸಿಲ್ ಕಿಚಾಯಿಸಿದಳು.

"ಯಾರ್ದೂ ಇಲ್ಲ ಚಿಕ್ಕಮ್ಮ. ನಾನೇ ಸರಿಯಾಗಿ ಓದಿರ್ಲಿಲ್ಲ."

ಬೋಕ್‌ಸಿಲ್‌ಳ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

ಹಿಂದೆ ಬೋಕ್‌ಸಿಲ್‌ಳ ಕಾಲೇಜು ಪ್ರವೇಶ ಪರೀಕ್ಷೆ ಅವಳ ಹುಟ್ಟುಹಬ್ಬದ ದಿನವೇ ಬಂದಿತ್ತು. ಹುಟ್ಟುಹಬ್ಬಕ್ಕೆ ಕಡಲಪಾಚಿ ಸಾರು ಕುಡಿಯುವ ಪದ್ಧತಿ ತಪ್ಪಿಸಬಾರದೆಂದು ಅಮ್ಮ ಬೆಳಿಗ್ಗೆಯೇ ಮಾಡಿ ಬಡಿಸಿದ್ದಳು. ಫೇಲಾದ ಮಗಳು, "ನಿನ್ನ ಸಾರೇ ನನ್ನನ್ನ ಹಾಳು ಮಾಡ್ತು" ಎಂದುಬಿಟ್ಟಳು. ಆಮೇಲೆ ಅಮ್ಮ ಸಾಯುವವರೆಗೂ ಯಾರ ಹುಟ್ಟುಹಬ್ಬಕ್ಕೂ ಆ ಸಾರು ಮಾಡಲಿಲ್ಲ.

ಆ ವರ್ಷ ತಾನು ಪುಸ್ತಕವನ್ನೇ ಮುಟ್ಟಿರಲಿಲ್ಲವೆಂದು ಅಮ್ಮನಿಗೆ ಹೇಳುವುದು ಮಾತ್ರ ಉಳಿದೇ ಹೋಯಿತು.