ಫಿಯಾಟಿನ ಹೊಸ ರಬ್ಬರು

ವಾಡಿ ಜಂಕ್ಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ಆಯುಷ್ಯ ಸವೆಸಿದ ವಿಠ್ಠಲರಾಯರಿಗೆ ಜೀವಕ್ಕಿಂತ ಹೆಚ್ಚಿನವು ಎರಡೇ: ತೊಂಬತ್ತಾರನೇ ಇಸವಿಯಲ್ಲಿ ನಿವೃತ್ತರಾದಾಗ ಕೊಂಡ ಹಳೆಯ ಫಿಯಾಟ್ ಗಾಡಿ, ಮತ್ತು ತಮ್ಮನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕ ಶಾರದಾಬಾಯಿ. ಕಷ್ಟವೆಂದರೆ, ಇವೆರಡಕ್ಕೂ ಒಂದಕ್ಕೊಂದು ಸರಿಬರುತ್ತಿರಲಿಲ್ಲ.

ಗಾಡಿಯ ಬಾಗಿಲಂಚಿನ ರಬ್ಬರು ಹಪ್ಪಳದಂತೆ ಒಣಗಿ ಬಿರಿದಿತ್ತು. ಊರಿನ ಸಿಮೆಂಟಿನ ಧೂಳು, ದಾರಿಯ ಕಲ್ಲಿನ ಧೂಳು ಎರಡೂ ಟಿಕೆಟಿಲ್ಲದೆ ಹತ್ತಿ ಕೂರುತ್ತಿದ್ದವು. ಹಿಂದಿನ ಸಲ ಮಳಖೇಡದ ಮಠಕ್ಕೆ, ಗುರುಗಳ ವೃಂದಾವನದ ದರ್ಶನಕ್ಕೆ ಹೋದಾಗ ಅಕ್ಕ ಇಳಿದದ್ದು ಹುಬ್ಬೂ ಬೆಳ್ಳಗಾಗಿ.

“ನಿನ್ನ ಗಾಡ್ಯಾಗ ಕುಂಡ್ರೂದೂ ಒಂದ, ಹಿಟ್ಟಿನ ಗಿರಣ್ಯಾಗ ಕುಂಡ್ರೂದೂ ಒಂದ. ಈ ಸಲ ನಾ ಬಸ್ಸಿಗೇ ಹೋಗ್ತೀನಿ ವಿಠ್ಠ್ಯಾ,” ಎಂದುಬಿಟ್ಟರು.

ತಮ್ಮನ ಗಾಡಿಯಿರುವಾಗ ಅಕ್ಕ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲುವುದೇ? ರಾಯರಿಗೆ ಊಟ ಸೇರಲಿಲ್ಲ. ಶಹಾಬಾದಿಗೆ ಹೋಗಿ ಹೊಸ ರಬ್ಬರು ತಂದರು. ಗ್ಯಾರೇಜಿನ ಅಮೀರ್ ಅಲಿಯೊಡನೆ ಕುಳಿತು ಹಳೆಯದನ್ನು ಕಿತ್ತು, ಒಣಗಿದ ಅಂಟನ್ನು ಒರೆಸಿ ತೆಗೆದು, ಹೊಸದನ್ನು ಎಳೆಯದೆ ಹಿಗ್ಗಿಸದೆ ಹೆರಳು ಹೆಣೆದಷ್ಟು ನಯವಾಗಿ ಒತ್ತಿ ಕೂಡಿಸಿದರು. ಈಗ ದಡ್ಡೆಂದು ಬಡಿಯದೆ ಬಾಗಿಲು ಮುಚ್ಚುವುದೇ ಇಲ್ಲ!

“ಹೊಸಾ ರಬ್ಬರ್ ಅಂದ್ರ ಹೊಸಾ ಅಳಿಯಾ ಇದ್ದಂಗ್ರಿ ರಾಯರೆ. ನಾಕ ದಿನ ಬಿಗೀತಾನ,” ಎಂದು ಅಮೀರ್ ಅಲಿ ನಕ್ಕ.

ಅಕ್ಕನಿಗೆ ಪರೀಕ್ಷೆಯಿಲ್ಲದೆ ನಂಬಿಕೆ ಬಾರದು. ಮರುದಿನ ಅಂಟು ಪೂರ್ತಿ ಒಣಗಿದ ಮೇಲೆ ದೇವರ ಮನೆಯಿಂದ ಊದಿನಕಡ್ಡಿ ತಂದು, “ಇದನ್ನ ಹಚ್ಚಿ ಒಳಗ ಕುಂಡ್ರು. ಹೊಗಿ ಹೊರಗ ಬರಲಿಲ್ಲಂದ್ರ ಧೂಳೂ ಒಳಗ ಬರೂದಿಲ್ಲ,” ಎಂದರು.

ರಾಯರು ಹುರುಪಿನಲ್ಲಿ ಇಡೀ ಕಟ್ಟನ್ನೇ ಹಚ್ಚಿ, ಗಾಜು ಏರಿಸಿ ಕುಳಿತರು. ಅಕ್ಕ ಪ್ರದಕ್ಷಿಣೆ ಹಾಕುತ್ತ ಸಂದುಸಂದು ಮೂಸಿದರು. ಹೊಗೆಯ ಎಳೆಯೂ ಹೊರಗಿಲ್ಲ. ಒಳಗೆ ರಾಯರೂ ಕಾಣುತ್ತಿಲ್ಲ. ಅಷ್ಟರಲ್ಲಿ ನೆರೆಮನೆಯ ಅಮೃತಮ್ಮ ನಳದಿಂದ ಕೊಡ ಹೊತ್ತು ಬಂದಳು.

“ಯವ್ವಾ! ರಾಯರ ಗಾಡಿಗಿ ಬೆಂಕಿ ಹತ್ತೇದ! ಸುಮ್ಮ ನೋಡಕೋತ ನಿಂತೀರಲ್ರಿ ಶಾರದಾಬಾಯಾರೆ!” ಎನ್ನುತ್ತ ತುಂಬಿದ ಕೊಡವನ್ನು ಬಾಗಿಲಿಗೆ ಎರಚಿಯೇ ಬಿಟ್ಟಳು.

ರಾಯರು ಕೆಮ್ಮುತ್ತ, ಕಣ್ಣೊರೆಸಿಕೊಳ್ಳುತ್ತ ಆಚೆಯ ಬಾಗಿಲಿನಿಂದ ಹೊರಬಿದ್ದರು. ಅಕ್ಕ ಮೊದಲು ನೋಡಿದ್ದು ತಮ್ಮನನ್ನಲ್ಲ. ಒಳಗೆ ಬಗ್ಗಿ ಸೀಟಿನ ಮೇಲೆ ಕೈಯಾಡಿಸಿದರು. ಒಂದು ಹನಿಯೂ ಇಲ್ಲ.

“ನಾಳಿ ಮುಂಜಾನಿ ಗಾಡಿ ತೆಗಿ,” ಎಂದರು.

ಚಿತ್ತಾಪುರ ದಾಟುವವರೆಗೂ ಅಕ್ಕನ ಸೀರೆಯ ಮೇಲೆ ಒಂದು ಕಣ ಧೂಳೂ ಕೂರಲಿಲ್ಲ. ಆದರೆ ಬೇಸಿಗೆಯ ಬಿಸಿಲು. ಧೂಳಿಗಿಲ್ಲದ ದಾರಿ ಗಾಳಿಗೂ ಇರಲಿಲ್ಲ.

“ವಿಠ್ಠ್ಯಾ, ಜೀವ ಕುದೀಲಿಕತ್ತದ. ಗಾಜು ಇಳಸ್ತೀನಿ.”

“ಬ್ಯಾಡಕ್ಕಾ, ಧೂಳು ಬರ್ತದ!”

“ಬರ್ಲಿ ಬಿಡು.”

ಮಳಖೇಡದ ಮಠದ ಬಾಗಿಲಲ್ಲಿ ಹಿಂದಿನ ಸಲವೂ ಇಲ್ಲೇ ಸಿಕ್ಕಿದ್ದ ಸೇಡಂನ ಗೆಳತಿ ಲಲಿತಾಬಾಯಿ ಎದುರಾದರು. “ಇದೇನ್ರಿ ಶಾರದಾಬಾಯಿ, ಮತ್ತ ಹುಬ್ಬು ಬೆಳ್ಳಗ! ನಿಮ್ಮ ತಮ್ಮ ಇನ್ನೂ ರಬ್ಬರ್ ಹಾಕಿಲ್ಲೇನು?”

“ಹಾಕ್ಯಾನ್ರಿ. ಕೊಡ ನೀರು ಸುರುವಿದ್ರೂ ಹನಿ ಒಳಗ ಬರೂದಿಲ್ಲ,” ಎಂದ ಅಕ್ಕ ಸೆರಗಿನಿಂದ ಹುಬ್ಬು ಒರೆಸಿಕೊಂಡರು. “ಈ ಧೂಳು ನಾನ ಕರಕೊಂಡು ಬಂದದ್ದು.”

ರಾಯರು ಏನೂ ಕೇಳಿಸದವರಂತೆ, ಮುಚ್ಚಿದ್ದ ಬಾಗಿಲನ್ನೇ ತೆರೆದು ಮತ್ತೊಮ್ಮೆ ದಡ್ಡೆಂದು ಮುಚ್ಚಿದರು.