ಪರದೆಯ ಹಿಂದೆ ಕಲಿತ ಈಜು

ಠಾಣೆಯ ಹತ್ತಿರದ ಐರೋಲಿಯ ಈಜುಕೊಳದಲ್ಲಿ ಬೆಳಗಿನ ಹೆಂಗಸರ ಬ್ಯಾಚಿಗೆ ಬರುವ ಹುಡುಗಿಯೊಬ್ಬಳು ಸ್ಯಾಂಟೊರಿನಿಗೆ ಹೊರಟಿದ್ದಾಳೆ. ಅವಳ ಅಜ್ಜಿಮನೆ ಕುಂದಾಪುರದ ಕಡೆ. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ನಾನು ಆ ಗ್ರೀಕ್ ದ್ವೀಪಕ್ಕೆ ಹೋಗಿಬಂದವಳೆಂದು ಯಾರೋ ಹೇಳಿದ್ದರಂತೆ. ಅಲ್ಲಿ ಏನೇನು ನೋಡಬೇಕು ಎಂದು ಕೇಳಿದಳು.

ಕ್ರಮವಾಗಿ ಹೇಳಿದೆ. ನಿವೃತ್ತಿಯಾಗುವವರೆಗೆ ಆಸ್ಪತ್ರೆಯ ವಾರ್ಡು ನಡೆಸಿದ ನರ್ಸ್ ನಾನು; ಕ್ರಮ ತಪ್ಪಿದರೆ ನನಗೆ ಮಾತೂ ಹೊರಡುವುದಿಲ್ಲ. ಬಿಳಿ ಮನೆ, ನೀಲಿ ಗುಮ್ಮಟಗಳ ಓಯಾ ಊರಿಗೆ ಸಂಜೆ ಹೋಗಬೇಡ, ಸೂರ್ಯಾಸ್ತ ನೋಡಲು ಬಂದವರ ಬೆನ್ನು ಮಾತ್ರ ಕಾಣುತ್ತದೆ. ಬೆಳಿಗ್ಗೆ ಬೇಗ ಹೋಗು. ಅಂಗಡಿಯವರು ಮೆಟ್ಟಿಲಿಗೆ ನೀರು ಹಾಕುತ್ತಿರುತ್ತಾರೆ, ಬೀದಿಯೆಲ್ಲ ನಿನ್ನದೇ. ಬಂದರಿಗೆ ಇಳಿಯಲು ಕೇಬಲ್ ಕಾರ್ ಹಿಡಿ, ಕತ್ತೆ ಹತ್ತಬೇಡ. ಅವು ಬಿಸಿಲಲ್ಲಿ ನಿಂತಿರುವುದನ್ನು ನೋಡಲಾಗುವುದಿಲ್ಲ. ಕಪ್ಪು ಮರಳಿನ ದಂಡೆಯಲ್ಲಿ ಚಪ್ಪಲಿ ಬಿಡಬೇಡ, ಕಾಲು ಸುಡುತ್ತದೆ. ಊಟಕ್ಕೆ ಫಾವಾ ಕೇಳು. ನಮ್ಮ ತೊವ್ವೆಯ ಹಾಗೇ ಇರುತ್ತದೆ, ಒಗ್ಗರಣೆ ಒಂದಿಲ್ಲ.

"ಔರ್ ಹಾಟ್ ಸ್ಪ್ರಿಂಗ್, ಆಂಟಿ?" ಎಂದಳು.

ಅದನ್ನು ನಾನು ಹೇಳದೆ ಬಿಟ್ಟಿದ್ದೆ.

ಆ ದ್ವೀಪದ ಎದುರಿಗೆ, ಸಮುದ್ರದ ನಡುವೆ, ಜ್ವಾಲಾಮುಖಿಯ ಕಪ್ಪು ಗುಡ್ಡಗಳಿವೆ. ಒಂದರ ಮಗ್ಗುಲಲ್ಲಿ ಬಿಸಿನೀರಿನ ಬುಗ್ಗೆಗಳು ಕಡಲಿಗೆ ಸೇರುತ್ತವೆ. ದೋಣಿ ಅಲ್ಲಿಯವರೆಗೆ ಹೋಗುವುದಿಲ್ಲ, ಸ್ವಲ್ಪ ದೂರದಲ್ಲಿ ಆಳ ನೀರಿನಲ್ಲೇ ನಿಲ್ಲುತ್ತದೆ. ಬೇಕಾದವರು ತಣ್ಣೀರಿಗೆ ಹಾರಿ, ಈಜಿಕೊಂಡು ಹೋಗಿ, ಬಿಸಿನೀರು ಮುಟ್ಟಿ ಬರಬೇಕು. ಟೂರಿನವರು ಇದನ್ನು ಹೇಳಿದ ದಿನವೇ ನಾನು ಹೆಸರು ಕೊಟ್ಟೆ. ಗುಮ್ಮಟ, ಸೂರ್ಯಾಸ್ತ ಇದ್ದರೂ ಆಯಿತು, ಇಲ್ಲದಿದ್ದರೂ ಆಯಿತು. ನನಗೆ ಕಡಲಲ್ಲಿ ಒಮ್ಮೆ ಈಜಬೇಕಿತ್ತು.

ಹುಟ್ಟಿದ್ದು ಉಡುಪಿಯ ಹತ್ತಿರ, ಕಡಲ ಬದಿಯಲ್ಲೇ. ಅಣ್ಣಂದಿರು ನೀರಿಗೆ ಬೀಳುತ್ತಿದ್ದರು. ತಂಗಿಯೂ ನಾನೂ ದಡದಲ್ಲಿ ಕೂತು ಅವರ ಬಟ್ಟೆ ಕಾಯುತ್ತಿದ್ದೆವು. ನಾನು ಈಜು ಕಲಿತದ್ದು ನಿವೃತ್ತಿಯ ನಂತರ, ಮಂಡಿನೋವಿಗೆಂದು, ಐರೋಲಿಯ ಈ ಕೊಳದಲ್ಲಿ. ಹೆಂಗಸರ ಬ್ಯಾಚು ಶುರುವಾಗುವ ಮೊದಲು ಕೊಳದ ಸುತ್ತಲಿನ ಜಾಲರಿಯ ಉದ್ದಕ್ಕೂ ಹಸಿರು ಪರದೆ ಎಳೆಯುತ್ತಾರೆ. ವಾಚ್‌ಮನ್ ಗೇಟಿನ ಹೊರಗೆ ರಸ್ತೆಯ ಕಡೆ ಮುಖ ಮಾಡಿ ಕೂರುತ್ತಾನೆ. ಕಲಿಸುವವಳೂ ಹೆಂಗಸೇ. ಪರದೆಯ ಕೊಕ್ಕೆ ಒಂದು ತಪ್ಪಿದ್ದರೂ ಮೊದಲು ಗಮನಿಸಿ ಹಾಕಿಸುತ್ತಿದ್ದವಳು ನಾನು. ಆಳದ ಕಡೆಯ ಗೋಡೆ ಮುಟ್ಟಿ, ನಿಲ್ಲದೆ ತಿರುಗಿ ಬಂದ ದಿನ ಆ ಕಲಿಸುವವಳು ಚಪ್ಪಾಳೆ ತಟ್ಟಿ, "ಆಜಿ, ಆತಾ ಸಮುದ್ರಾತ್ ಜಾ!" ಎಂದಿದ್ದಳು. ಇನ್ನು ಸಮುದ್ರಕ್ಕೇ ಇಳಿ ಅಜ್ಜಿ ಎಂದು.

ಆಳಕ್ಕೆ ತಯಾರಾದೆ. ಉಪ್ಪುನೀರು ಕಣ್ಣಿಗೆ ಹೋದರೆ ಏನು ಮಾಡಬೇಕೆಂದು ಕೇಳಿಕೊಂಡೆ. ಗಂಡಸರ ಎದುರಿಗೆ ಒಮ್ಮೆಯೂ ಈಜಿಲ್ಲ ಎಂಬುದು ಮಾತ್ರ ಹೊಳೆಯಲೇ ಇಲ್ಲ.

ಜೊತೆಗೆ ಬಂದವಳು ಠಾಣೆಯ ವರ್ತಕ ನಗರದಲ್ಲಿರುವ ತಂಗಿ. ಗಂಡ ಇರುವವರೆಗೆ ಹೋಟೆಲಿನ ಗಲ್ಲಾ ಬಿಟ್ಟು ಎಲ್ಲೂ ಹೋದವಳಲ್ಲ. ದೋಣಿಯಲ್ಲಿ ನನ್ನ ಟವೆಲನ್ನು ಹೆಗಲಿಗೆ ಹಾಕಿಕೊಂಡು, "ನೀನು ಮೀನಿನ ಹಾಗೆ ಹೋಗು ಅಕ್ಕ. ಈಗಲೂ ಬಟ್ಟೆ ಕಾಯುವ ಕೆಲಸ ನಂಗೇ ಉಂಟಲ್ಲ!" ಎಂದು ನಗುತ್ತಿದ್ದಳು. ನಮ್ಮ ಗುಂಪಿನಲ್ಲಿದ್ದವರೆಲ್ಲ ಠಾಣೆ, ಕಲ್ಯಾಣದ ಕಡೆಯ ಸಂಸಾರಸ್ಥರು. ಡೊಂಬಿವಲಿಯ ಗಂಡಸರೊಬ್ಬರು ದಾರಿಯುದ್ದಕ್ಕೂ ನಮ್ಮಿಬ್ಬರ ಪೆಟ್ಟಿಗೆ ಎತ್ತಿಕೊಟ್ಟ ಸಜ್ಜನರು.

ದೋಣಿ ನಿಂತಿತು. ಬೇರೆ ದೇಶದವರು ಒಬ್ಬರ ಹಿಂದೊಬ್ಬರು ಹಾರಿದರು. ನನಗಿಂತ ಹಿರಿಯಳಾದ ಒಬ್ಬ ಹೆಂಗಸು, ಬಣ್ಣ ಮಾಸಿದ ಈಜುಡುಗೆ ತೊಟ್ಟವಳು, ಕನ್ನಡಕವನ್ನು ಚಪ್ಪಲಿಯೊಳಗಿಟ್ಟು ಮೂಗು ಹಿಡಿದು ಹಾರಿದಳು. ನಾನು ಹೋಟೆಲಿನಲ್ಲೇ ಚೂಡಿದಾರದ ಒಳಗೆ ಈಜುಡುಗೆ ತೊಟ್ಟು ಬಂದಿದ್ದೆ. ಅಂಚಿಗೆ ಹೋಗಿ, ದುಪಟ್ಟಾ ಮಡಚಿ ತಂಗಿಗೆ ಕೊಟ್ಟೆ.

"ಆಂಟೀಜೀ! ಕೂದೋ, ಕೂದೋ! ಗ್ರೂಪ್ ಮೇ ಡಾಲೂಂಗಾ!" ಡೊಂಬಿವಲಿಯವರು ಫೋನ್ ಎತ್ತಿ ಹಿಡಿದಿದ್ದರು. ನಾನು ಹಾರುವುದನ್ನು ವೀಡಿಯೊ ತೆಗೆದು ಗುಂಪಿನವರಿಗೆಲ್ಲ ಕಳಿಸುವ ಉತ್ಸಾಹ. ಎಲ್ಲರೂ ತಿರುಗಿ ನೋಡಿ ಚಪ್ಪಾಳೆ ತಟ್ಟತೊಡಗಿದರು. ಕುರ್ತಾದ ಅಂಚು ಹಿಡಿದ ಕೈ ಅಲ್ಲೇ ನಿಂತಿತು.

"ಎಂಥ ಆಯ್ತು?" ತಂಗಿ ಹತ್ತಿರ ಬಂದಳು.

"ಎಲ್ಲ ನೋಡ್ತಾ ಇದ್ದಾರೆ."

"ನೋಡಲಿ. ಜನ್ಮವಿಡೀ ಗಂಡಸರಿಗೆ ಚುಚ್ಚಿದವಳು ನೀನು. ಈಗೆಂಥದು ನಾಚಿಕೆ ಮಾರಾಯ್ತಿ?"

"ಆಗ ನಾನು ಯೂನಿಫಾರ್ಮಿನಲ್ಲಿದ್ದೆ."

ಅವಳು ಟವೆಲ್ ಬಿಡಿಸಿದಳು. "ನಾನು ಅಡ್ಡ ಹಿಡೀತೇನೆ, ನೀನು ಹಾರು."

"ಹತ್ತಿ ಬರುವಾಗ?"

ಅವಳು ಟವೆಲನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದೇ ನಿಂತಳು. ಗಾಳಿಗೆ ಅದು ಪಟಪಟ ಹೊಡೆದುಕೊಳ್ಳುತ್ತಿತ್ತು. ದೂರದಲ್ಲಿ ಬುಗ್ಗೆಯ ಕಂದು ನೀರಿನಲ್ಲಿ ತಲೆಗಳು ತೇಲುತ್ತಿದ್ದವು, ನಗು ಕೇಳುತ್ತಿತ್ತು. ಅಷ್ಟು ದೂರ ನಾನು ಸರಾಗವಾಗಿ ಹೋಗಿ ಬರಬಹುದಿತ್ತು. ಅಳತೆ ಕಣ್ಣಿಗೆ ಗೊತ್ತಿತ್ತು. ನೀರಿನಲ್ಲಿದ್ದವರನ್ನು ವಾಪಸು ಕರೆಯಲು ದೋಣಿಯವನು ಹಾರ್ನ್ ಒತ್ತಿದ. ಆ ಹಿರಿಯ ಹೆಂಗಸು ಏಣಿ ಹತ್ತಿ ಬಂದು, ನೀರು ಸುರಿಸುತ್ತಲೇ ನನ್ನನ್ನು ನೋಡಿ, ಹೋಗು ಎನ್ನುವಂತೆ ಕೈ ಮಾಡಿದಳು. ಅಷ್ಟರಲ್ಲಿ ಏಣಿ ಮೇಲಕ್ಕೆಳೆದರು.

"ಡರ್ ಗಯೀ, ಆಂಟೀಜೀ?" ಡೊಂಬಿವಲಿಯವರು ಮೆತ್ತಗೆ ಕೇಳಿದರು. ಹೆದರಿದೆ ಎಂದು ತಲೆಯಾಡಿಸಿದೆ. ನೀರಿಗೆ ಎಂದು ಅವರು ತಿಳಿದುಕೊಂಡರು. ಫೋನ್ ಕೆಳಗಿಡಿ ಎಂದಿದ್ದರೆ ಆ ಮನುಷ್ಯ ಕೂಡಲೇ ಇಡುತ್ತಿದ್ದರು. ದೊಡ್ಡ ಡಾಕ್ಟರರಿಗೇ ಚಪ್ಪಲಿ ಹೊರಗೆ ಬಿಟ್ಟು ಬನ್ನಿ ಎಂದವಳ ಬಾಯಿಗೆ ಆ ಮಾತು ಬರಲಿಲ್ಲ.

ಮತ್ತೊಮ್ಮೆ ಹೋಗೋಣ ಎಂದು ತಂಗಿ ಈಗಲೂ ಹೇಳುತ್ತಾಳೆ. ಆದರೆ ನನ್ನ ಬಲಭುಜ ಹಿಡಿದುಕೊಂಡಿದೆ, ಕೈ ಕಿವಿಯ ಮೇಲಕ್ಕೆ ಏಳುವುದಿಲ್ಲ. ಡಾಕ್ಟರು ಈಜು ಬೇಡ, ನೀರಿನಲ್ಲಿ ನಡೆದರೆ ಸಾಕು ಎಂದಿದ್ದಾರೆ. ಹಾಗಾಗಿ ಹೊತ್ತಿಗೆ ಸರಿಯಾಗಿ ಕೊಳಕ್ಕೆ ಹೋಗಿ, ಎದೆಮಟ್ಟದ ನೀರಿನಲ್ಲಿ ಆ ಗೋಡೆಯಿಂದ ಈ ಗೋಡೆಗೆ ನಡೆಯುತ್ತೇನೆ. ಪರದೆಯ ಕೊಕ್ಕೆ ತಪ್ಪಿದ್ದರೆ ಈಗ ನಾನು ಹೇಳುವುದಿಲ್ಲ. ಬೇರೆ ಯಾರಾದರೂ ಹೇಳಿ ಹಾಕಿಸುತ್ತಾರೆ.

ಹುಡುಗಿ ಕಾಯುತ್ತಿದ್ದಳು. "ಪಾನಿ ಕಿತ್ನಾ ಗರಮ್ ಹೋತಾ ಹೈ?" ನೀರು ಎಷ್ಟು ಬಿಸಿ ಇರುತ್ತದೆ ಎಂದು.

"ನೀನು ಇಳಿದು ನೋಡಿ, ಬಂದು ನನಗೆ ಹೇಳು" ಎಂದೆ.

ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು ಅವಳು ನಕ್ಕಳು.