ಸೆಳೆತ ಸತ್ತ ನೀರು

ನನ್ನ ಗಂಡ ಲೋಕಯ್ಯ ಮಲ್ಪೆಯವರು. ಬಹರೈನಿನಲ್ಲಿ ಹನ್ನೊಂದು ವರ್ಷ ಮೀನು ಹಿಡಿದರು. ದೋಣಿಯಲ್ಲಲ್ಲ, ಬೇಲಿಯಲ್ಲಿ. ಇಲ್ಲಿ ಅದಕ್ಕೆ ಹದ್ರಾ ಎನ್ನುತ್ತಾರೆ. ದಡದಿಂದ ಕಡಲೊಳಗೆ ಕಂಬ ನೆಟ್ಟು ಬಲೆ ಕಟ್ಟಿರುತ್ತದೆ. ಭರತದಲ್ಲಿ ಬಂದ ಮೀನು ಇಳಿತದ ಸೆಳೆತಕ್ಕೆ ಬೇಲಿ ಹಿಡಿದು ಹೋಗಿ ತುದಿಯ ಗೂಡಿಗೆ ಬೀಳುತ್ತದೆ. ಆಮೇಲೆ ಇವರು ನಡೆದು ಹೋಗಿ ಬಾಚಿ ತರುತ್ತಿದ್ದರು.

ಇವರಿಗೆ ಓದು ಇಲ್ಲ. ನೀರಿಗೆ ಕೈ ಇಟ್ಟರೆ ಯಾವ ಕಡೆಗೆ ಎಳೆಯುತ್ತದೆ, ಯಾವ ಮೀನು ಬರುತ್ತದೆ ಎಂದು ಹೇಳುತ್ತಿದ್ದರು. ಹೆಚ್ಚಾಗಿ ಸರಿಯಾಗುತ್ತಿತ್ತು.

ಎರಡು ವರ್ಷದ ಹಿಂದೆ ಇಲ್ಲಿನವರು ಬೇಲಿಯ ಪಕ್ಕ ಕಡಲಿಗೆ ಕಲ್ಲು ತುಂಬಿಸಿ ದಂಡೆ ಕಟ್ಟಿದರು. ಅಲ್ಲಿಂದ ನೀರು ತಿರುಗಿತು. ಸೆಳೆತ ಸತ್ತಿದೆ ಎಂದು ಇವರು ಹೇಳಿದರು. ಅಡಿಯ ಹುಲ್ಲು ಕೊಳೆಯಿತು. ಬಲೆಗೆ ಅಂಬಲಿಯಂಥ ಲೋಳೆಮೀನು ಅಂಟಿತು. ಮನೆಗೆ ತಂದ ಸಾಫಿ ಮೀನಿನ ಹೊಟ್ಟೆ ಕೊಯ್ದರೆ ಮೊದಲು ಹಸಿರು ಹುಲ್ಲು ಇರುತ್ತಿತ್ತು. ಈಗ ಕಪ್ಪು ಕೆಸರು. ನಾನು ತೋರಿಸಿದೆ.

"ನೀನೆಂತ ಮಾರಾಯ್ತಿ, ಮೀನಿನ ಡಾಕ್ಟರಾ?" ಎಂದು ನಕ್ಕರು.

ಆಗಸ್ಟಿನ ಒಂದು ಶುಕ್ರವಾರ, ನನಗೆ ಕೆಲಸಕ್ಕೆ ರಜೆ. ಬುತ್ತಿ ಹಿಡಿದು ಇವರ ಜೊತೆ ದಡಕ್ಕೆ ಹೋದೆ. ಗಾಳಿ ಇಲ್ಲ. ಇಳಿತ ಮುಗಿದು ನೀರು ಎಣ್ಣೆಯ ಹಾಗೆ ನಿಂತಿತ್ತು. ಕಲ್ಲಿನ ದಂಡೆಯ ಮೂಲೆಯಲ್ಲಿ ಸಾವಿರ ಮೀನು ಬಾಯಿ ಬಿಟ್ಟು ಮೇಲೆ ಬಂದಿದ್ದವು.

ಇವರ ಮುಖ ಅರಳಿತು. ನಮ್ಮೂರಲ್ಲಿ ಮಳೆಗಾಲ ಮುಗಿಯುವಾಗ ಅಡಿಯ ತಣ್ಣೀರು ಮೇಲೆ ಬಂದು ಮೀನು ಹೀಗೇ ದಡಕ್ಕೆ ಬರುವುದುಂಟು. ಜನ ಬುಟ್ಟಿ ಹಿಡಿದು ಓಡುತ್ತಾರೆ. ಇವರು ಅದೇ ಎಂದುಕೊಂಡರು. ಬೇಲಿಯ ದಾರಿ ಬಿಟ್ಟು ನೇರ ಮೂಲೆಗೆ ಇಳಿದರು.

ನಾನು ಕಂಬಗಳನ್ನು ನೋಡಿದೆ. ಏಡಿಗಳು ನೀರು ಬಿಟ್ಟು ಕಂಬ ಹತ್ತಿ ಕೂತಿದ್ದವು, ಒಂದರ ಮೇಲೊಂದು. ಕೊಳೆತ ಮೊಟ್ಟೆಯ ವಾಸನೆ. ಇದು ಮಲ್ಪೆಯ ತಣ್ಣೀರಲ್ಲ, ಅಡಿ ಕೊಳೆತ ನೀರು ಎಂದು ನನಗೆ ಗೊತ್ತಾಯಿತು. ಕೂಗಬೇಕೆಂದು ಬಾಯಿ ತೆರೆದೆ. ಆದರೆ ಕಡಲಿಗೆ ಕಾಲಿಟ್ಟವರನ್ನು ಹಿಂದಿನಿಂದ ಕರೆಯುವುದು ನಮ್ಮಲ್ಲಿ ಇಲ್ಲ. ಕರೆದರೆ ಕೇಡು ಎನ್ನುತ್ತಾರೆ. ಬಾಯಿ ಮುಚ್ಚಿಕೊಂಡೆ.

ಸೆಳೆತ ಇಲ್ಲದ ಆ ಮೂಲೆಯಲ್ಲಿ ಎರಡು ವರ್ಷದ ಕೆಸರು ಕೂತಿತ್ತು. ನೋಡುತ್ತಿದ್ದ ಹಾಗೆ ಇವರ ಮೊಣಕಾಲು ಹೂತುಹೋಯಿತು, ತೊಡೆ ಹೂತುಹೋಯಿತು. ಇವರು ತಿರುಗಿದರು.

"ಕುಸುಮಾ, ನೀನು ಬರಬೇಡ. ಯಾರನ್ನಾದರೂ ಕರಿ."

ರಸ್ತೆಗೆ ಓಡಿದೆ. ಶುಕ್ರವಾರ, ನಮಾಜಿನ ಹೊತ್ತು, ಅಂಗಡಿ ಎಲ್ಲ ಮುಚ್ಚಿತ್ತು. ದೋಣಿಯವರು ಇಬ್ಬರು ಸಿಕ್ಕಿ ಹಗ್ಗ ತರುವಷ್ಟರಲ್ಲಿ ಭರತ ಬಂದಿತ್ತು. ಅವರು ಮುಳುಗಿ ಹುಡುಕಿದರು. ಇವರು ನೀರಿನಡಿ ನಿಂತೇ ಇದ್ದರಂತೆ.

ಪೊಲೀಸರು ಬಂದು ಕೇಳಿದರು. ಪಕ್ಕದ ರೂಮಿನ ಶಹೀದಾ ಉಳ್ಳಾಲದವಳು, ಅರಬಿ ಬಲ್ಲವಳು, ನನಗೆ ತಿಳಿಸಿದಳು. ನೀರು ಕೆಟ್ಟದ್ದು ಎಂದು ನಿಮಗೆ ಮೊದಲೇ ತಿಳಿದಿತ್ತಾ ಎಂದು ಕೇಳುತ್ತಿದ್ದಾರೆ ಎಂದಳು.

"ತಿಳಿದಿತ್ತು," ಎಂದೆ.

"ಹಾಗೆ ಹೇಳುವುದು ಬೇಡ ಕುಸುಮಕ್ಕ," ಎಂದು ಅವಳು ನನ್ನ ಕೈ ಒತ್ತಿದಳು.

"ಹೇಳು. ನಾನು ಕರೆಯಲಿಲ್ಲ ಎಂದೂ ಹೇಳು."

ಶಹೀದಾ ನನ್ನ ಕೈ ಬಿಟ್ಟಳು. ಮತ್ತೆ ಅರಬಿಯಲ್ಲಿ ಏನೋ ಹೇಳಿದಳು. ಪೊಲೀಸಿನವನು ಬರೆದುಕೊಂಡ. ಅವಳು ಏನು ಹೇಳಿದಳೆಂದು ನಾನು ಈವರೆಗೆ ಕೇಳಿಲ್ಲ.